ಹಿಂದೆ ಪಿಟೀಲು ಇದ್ದರೆ ಯಾರಾದರೂ ಅಳ್ತಾರೆ

ಗಲ್ಲಾದಲ್ಲಿ ಕೂತಿದ್ದ ಶಾಂತಾ ವೈನಿ ಅಳುತ್ತಿದ್ದರು. ಮೊದಲು ಗಮನಿಸಿದ್ದು ಕಿರಣ. ಭಜಿ ತಿಂದು ನೂರರ ನೋಟು ಕೊಟ್ಟರೆ ವೈನಿ ನಾನೂರ ಅರವತ್ತು ವಾಪಸ್ ಕೊಟ್ಟಿದ್ದರು. ಕಿರಣ ಒಳ್ಳೆ ಹುಡುಗ. ಎರಡು ಸಲ ಎಣಿಸಿ ನೋಡಿ, ಆಮೇಲೇ ಹೇಳಿದ.

“ವೈನಿ, ಯಾಕ್ರಿ? ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರಲ್ಲ?”

“ಈ ಮನೆಗೇನೂ ಆಗಿಲ್ಲ,” ಎಣ್ಣೆ ಬಾಣಲೆ ಕಡೆಯಿಂದ ಸಿದ್ದಣ್ಣ ಕೂಗಿದ. “ಟೀವಿಯೊಳಗಿನ ಬಿಗ್ ಬಾಸ್ ಮನೆ ಮಂದಿ ಮತ್ತೆ ಕೂಡಿದ್ದಾರೆ. ರೀಯೂನಿಯನ್ನಂತೆ. ಆಗಲೇ ಇಬ್ಬರಿಗೆ ಚಹಾ ಪುಕ್ಕಟೆ ಹೋಯ್ತು.”

ಚಿಕ್ಕಿ ಬರಣಿಗೆ ಮೊಬೈಲು ಆನಿಸಿಟ್ಟಿದ್ದರು. ಅದರಲ್ಲಿ ಎಂಟ್ಹತ್ತು ಮಂದಿ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತಿದ್ದರು. ಮಲ್ಲಣ್ಣ ಬಗ್ಗಿ ನೋಡಿದ.

“ಇವರು ಅಗಲಿ ಎಷ್ಟು ದಿನ ಆಯ್ತು ವೈನಿ?”

“ನಾಲ್ಕು ತಿಂಗಳು.”

“ನನ್ನ ಬೈಕು ಗ್ಯಾರೇಜಿಗೆ ಹೋಗಿ ಐದು ತಿಂಗಳಾಯ್ತು. ಅದು ಬಂದ ದಿನ ನಾನೂ ಹೀಗೇ ತಬ್ಬಿಕೊಂಡು ಅಳ್ತೀನಿ. ಯಾರಾದ್ರೂ ಶೂಟಿಂಗ್ ಮಾಡ್ರಿ.”

ಮಾಸ್ತರಿಗೆ ಇದು ಸರಿ ಬರಲಿಲ್ಲ. “ಹಂಗಲ್ಲ ಮಲ್ಲಣ್ಣ. ನೂರು ದಿನ ಒಂದೇ ಸೂರಿನ ಕೆಳಗೆ ಇದ್ದವರು. ಮಾಯೆ ಬೆಳೆಯುತ್ತೆ.”

“ಮಾಸ್ತರ್ರಿ, ನೀವು ಜೀವಮಾನವೆಲ್ಲ ಒಂದೇ ಸ್ಟಾಫ್ ರೂಮಿನಲ್ಲಿ ಇದ್ದವರು. ಮೊನ್ನೆ ಗಾಂಧಿ ಚೌಕದಲ್ಲಿ ನಿಮ್ಮ ಗಣಿತದ ಸರ್ ಎದುರಿಗೆ ಬಂದ್ರೆ ನೀವು ರಸ್ತೆ ದಾಟಿ ಆಚೆ ಹೋದ್ರಿ. ನಾನೇ ನೋಡಿದೀನಿ.”

“ಅವನ ವಿಷಯ ಬೇರೆ.”

“ಬೇರೆ ಏನಿಲ್ಲ. ಹಿಂದೆ ಪಿಟೀಲು ಇರಲಿಲ್ಲ, ಅಷ್ಟೇ. ಪಿಟೀಲು ಕೇಳಿಸಿದ್ರೆ ನೀವೂ ಓಡಿ ಹೋಗಿ ತಬ್ಬಿಕೊಳ್ತಿದ್ರಿ. ಆತನೂ ‘ಆ ಟೈಮ್‌ಟೇಬಲ್ ತಪ್ಪು ನಂದೇ ಕಣ್ರೀ’ ಅಂತ ಅಳ್ತಿದ್ದ.”

ಕಿರಣ ಕುರ್ಚಿ ಎಳೆದುಕೊಂಡ. “ಕಾಕಾ, ಈ ಹುಚ್ಚು ನಮ್ಮಲ್ಲಿ ಹುಟ್ಟಿದ್ದಲ್ಲ. 1992ರಲ್ಲಿ ಅಮೆರಿಕದ ಎಂಟೀವಿಯವರು ‘ದಿ ರಿಯಲ್ ವರ್ಲ್ಡ್’ ಅಂತ ಮಾಡಿದ್ರು. ಗುರುತು ಪರಿಚಯ ಇಲ್ಲದ ಏಳು ಮಂದಿಯನ್ನ ನ್ಯೂಯಾರ್ಕಿನ ಒಂದು ಮನೆಯಲ್ಲಿ ಇಟ್ಟು, ಸುತ್ತ ಕ್ಯಾಮೆರಾ. ನಮ್ಮ ಬಿಗ್ ಬಾಸಿಗೆ ಮೂಲವಾದ ಬಿಗ್ ಬ್ರದರ್ ನೆದರ್‌ಲ್ಯಾಂಡ್ಸಿನಲ್ಲಿ ಶುರುವಾಗಿದ್ದು 1999ರಲ್ಲಿ, ಅದಕ್ಕೂ ಏಳು ವರ್ಷ ಆದ್ಮೇಲೆ. ಆ ಏಳು ಮಂದಿಯನ್ನ 2021ರಲ್ಲಿ ಮತ್ತೆ ಅದೇ ಮನೆಗೆ ಕರೆಸಿದ್ರು.”

“29 ವರ್ಷ ಆದ್ಮೇಲೆ?” ಮಲ್ಲಣ್ಣ ಕೈಯಲ್ಲಿದ್ದ ಮಿರ್ಚಿ ಕೆಳಗಿಟ್ಟ. “ಅಂಥದ್ದಾದ್ರೆ ನಾನೂ ನೋಡ್ತೀನಿ. ಏನಾಯ್ತು?”

“ಒಬ್ಬನಿಗೆ ಕೊರೊನಾ ಬಂದಿತ್ತು. ಅವನು ಹೋಟೆಲಿನಿಂದಲೇ ವಿಡಿಯೊದಲ್ಲಿ ಬಂದ. ಉಳಿದವರಿಗೆ ಹಳೇ ಜಗಳದ ತುಣುಕು ಹಾಕಿ ತೋರಿಸಿದ್ರು. ಆಗ ಕಪ್ಪು ಬಿಳಿ ಅಂತ ಬಣ್ಣದ ಮಾತಿಗೆ ಜಗಳ ಆಗಿತ್ತು. ಅದನ್ನ ನೋಡಿ ಅದೇ ಮಾತಿಗೆ ಮತ್ತೆ ಹತ್ತಿಕೊಳ್ತು. ಒಬ್ಬಾಕೆ ಎದ್ದು ಹೋದಳು.”

“ಇದು ನಿಜವಾದ ಕೂಡುವಿಕೆ!” ಮಲ್ಲಣ್ಣ ಮೇಜು ಕುಟ್ಟಿದ. “ಇಷ್ಟು ವರ್ಷ ಆದ್ರೂ ಅದೇ ಮಾತಿಗೆ ಸಿಟ್ಟು ಬರುತ್ತೆ ಅಂದ್ರೆ ಒಬ್ಬರನ್ನೊಬ್ಬರು ಮರೆತಿಲ್ಲ ಅಂತ ಅರ್ಥ. ನಮ್ಮ ಸಿದ್ಧೇಶ್ವರ ಜಾತ್ರೆಗೆ ಬೀಗರು ಬರೋದಿಲ್ವಾ? ಸಂಕ್ರಾಂತಿ ಭೋಗಿ ಊಟ ಮುಗಿಯೋಕೂ ಬದುವಿನ ಜಗಳ ಏಳೋಕೂ ಸರಿಹೋಗುತ್ತೆ. ಈ ನಾಲ್ಕು ತಿಂಗಳ ಮಂದಿಗೆ ಸಿಟ್ಟೂ ಇಲ್ಲ, ನೆನಪೂ ಇಲ್ಲ. ನಾಲ್ಕು ಲಿಂಬೆಹಣ್ಣಿನ ಬಣ್ಣದ ಸೋಫಾ ಇದಾವೆ, ಅಷ್ಟೇ.”

ವೈನಿ ಸೆರಗಿನಿಂದ ಮೂಗು ಒರೆಸಿಕೊಂಡು ಯುದ್ಧಕ್ಕೆ ಇಳಿದರು. “ಕನ್ನಡದ್ದು ನಿಮಗೇನು ಗೊತ್ತು? 2021ರ ಮೇ ತಿಂಗಳಲ್ಲಿ ಕೊರೊನಾ ಅಂತ ಬಿಗ್ ಬಾಸ್ ನಡುವೆಯೇ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದ್ರು. ಜೂನ್‌ನಲ್ಲಿ ಅವರನ್ನೇ ಮತ್ತೆ ಕರೆಸಿದ್ರು. ಬೆನ್ನ ಹಿಂದೆ ಯಾರು ಏನು ಅಂದಿದ್ರು ಅಂತ ಮನೆಯಲ್ಲಿ ಕೂತು ನೋಡೋಕೆ ಪುರುಸೊತ್ತು ಸಿಕ್ಕಿತ್ತಲ್ಲ? ಆಮೇಲೆ ಅದೇ ಮುಖ ನೋಡಿಕೊಂಡು ಒಂದೇ ತಾಟಿನಲ್ಲಿ ಉಣ್ಣಬೇಕು. ನಿಮ್ಮ ಜಾತ್ರೆಯ ಬೀಗರಿಗೆ ಆಗುತ್ತಾ?”

ಮಲ್ಲಣ್ಣ ಒಂದು ಗಳಿಗೆ ಸುಮ್ಮನಾದ. ಮಾತು ಚಲೋ ಇತ್ತು. ಹಾಗಂತ ಒಪ್ಪಿಕೊಳ್ಳುವ ಪೈಕಿ ಅವನಲ್ಲ.

“ಕನ್ನಡದ್ದು ಅಂತೀರಿ. 2013ರಲ್ಲಿ ಶುರುವಾದಾಗ ಮನೆ ಎಲ್ಲಿತ್ತು? ಲೋಣಾವಳದಲ್ಲಿ. ಮೊದಲ ಎರಡು ಸೀಸನ್ ಕನ್ನಡಿಗರು ಜಗಳಾಡೋಕೆ ಮಹಾರಾಷ್ಟ್ರಕ್ಕೆ ಹೋಗಿದ್ರು. ಬಿಡದಿಗೆ ಬಂದಿದ್ದು ಆಮೇಲೆ. ನಾವು ಗಡಿ ಜಿಲ್ಲೆಯವರು, ಕರೆದಿದ್ರೆ ಇಲ್ಲೇ ಜಾಗ ಕೊಡ್ತಿದ್ವಿ. ನಮ್ಮ ವಿಜಯಪುರದ ಬಾರಾಕಮಾನ್ ಖಾಲಿ ಬಿದ್ದಿದೆ. ಮೇಲೆ ಸೂರಿಲ್ಲ, ಕ್ಯಾಮೆರಾ ಇಡೋಕೆ ಎಷ್ಟು ಅನುಕೂಲ.”

“ಅದೆಲ್ಲ ಇರಲಿ, ಹನುಮಂತ ಗೆದ್ದಾಗ ನೀವೇ ಇಲ್ಲಿ ಪೇಢೆ ಹಂಚಿದ್ರಿ,” ಅಂದ ಕಿರಣ.

ಈಗ ಎಲ್ಲರ ಮುಖವೂ ಮೆತ್ತಗಾಯಿತು. 2025ರ ಜನವರಿ. ಹಾವೇರಿ ಜಿಲ್ಲೆಯ ಕುರಿ ಕಾಯುವ ಮನೆಯ ಹುಡುಗ. ವೈಲ್ಡ್ ಕಾರ್ಡಿನಲ್ಲಿ ತಡವಾಗಿ ಒಳಗೆ ಹೋಗಿ, ನಮ್ಮ ಮಾತೇ ಆಡಿ, ಗೆದ್ದು ಹೊರಗೆ ಬಂದಿದ್ದ.

“ಅವನ ವಿಷಯ ಬೇರೆ,” ಅಂದ ಮಲ್ಲಣ್ಣ.

“ಗಣಿತದ ಸರ್ ವಿಷಯವೂ ಬೇರೆ,” ಮಾಸ್ತರು ಬಡ್ಡಿ ಸಮೇತ ತೀರಿಸಿದರು.

“ನಾನೂ ಅವನಿಗೆ ದಿನಾ ವೋಟು ಹಾಕ್ತಿದ್ದೆ,” ಅಂತ ಬಾಣಲೆ ಕಡೆಯಿಂದ ದನಿ ಬಂತು. ಎಲ್ಲರೂ ಆ ಕಡೆ ತಿರುಗಿದರು. ಸಿದ್ದಣ್ಣ ಜಾರದಿಂದ ಭಜಿ ಎತ್ತಿ ಎಣ್ಣೆ ಬಸಿಯುತ್ತಾ ಗೋಡೆ ನೋಡುತ್ತಿದ್ದ. ವೈನಿಗೆ ಬೈಯುತ್ತಾ ಬೈಯುತ್ತಾ ಎಲ್ಲ ಎಪಿಸೋಡೂ ನೋಡಿದ್ದಾನೆ ಅಂತ ಆವತ್ತು ಗೊತ್ತಾಯಿತು.

ಮಲ್ಲಣ್ಣ ಜಾಣ, ಮಾತು ಬದಲಿಸಿದ. “ಶೋ ಹಾಳಾಗಿ ಹೋಗಲಿ. ಅದನ್ನ ನೋಡಿದವರ ಮಾತಿದೆಯಲ್ಲ, ಅದನ್ನ ತಡಿಯೋಕೆ ಆಗಲ್ಲ. ಕಿರಣ, ಮೊಬೈಲು ತೆಗಿ. ಏನಂತಾರೆ ಮಂದಿ?”

ಕಿರಣ ಓದಿದ. ಆಕೆ ಇವನನ್ನು ಏಳು ಸೆಕೆಂಡು ತಬ್ಬಿಕೊಂಡಳು, ಅವನನ್ನು ಮೂರೇ ಸೆಕೆಂಡು. ಒಬ್ಬ ಪುಣ್ಯಾತ್ಮ ಗಡಿಯಾರ ಹಚ್ಚಿ ಲೆಕ್ಕ ಹಾಕಿದ್ದ. ಮೂಲೆಯಲ್ಲಿ ನಿಂತವನ ಮುಖಕ್ಕೆ ಇನ್ನೊಬ್ಬ ಕೆಂಪು ಸುತ್ತು ಹಾಕಿ ‘ನಗು ಕಣ್ಣಿಗೆ ಮುಟ್ಟಿಲ್ಲ’ ಅಂತ ಬರೆದಿದ್ದ. ಮೂರನೆಯವಳು ಆ ಶೋ ನೋಡುತ್ತಾ ತಾನು ಅಳುವುದನ್ನು ವಿಡಿಯೊ ಮಾಡಿ ಹಾಕಿದ್ದಳು. ಅವಳ ಅಳು ಸುಳ್ಳು ಅಂತ ಹೇಳಲು ನಾಲ್ಕನೆಯವನ ವಿಡಿಯೊ.

“ನೋಡ್ರಿ,” ಅಂದ ಮಲ್ಲಣ್ಣ. “ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯ ಹಾಗೆ ಆಗಿದೆ ಇದು. ಗೋಡೆಗೆ ಬಾಯಿ ಇಟ್ಟು ಮೆಲ್ಲಗೆ ಅಂದ ಮಾತು ಆ ತುದಿಯಲ್ಲಿ ಕಿವಿ ಇಟ್ಟವನಿಗೆ ಕೇಳಿಸಲಿ, ಅದೇ ಅದರ ಮಜಾ. 1656ರಿಂದ ಗೋಡೆ ಅದೇ, ಗುಮ್ಮಟ ಅದೇ. ಈಗ ರವಿವಾರ ಹೋಗಿ ನೋಡ್ರಿ. ಒಬ್ಬ ಸಿಳ್ಳೆ, ಒಬ್ಬ ಚಪ್ಪಾಳೆ, ಒಬ್ಬ ಕೋಳಿ ಕೂಗ್ತಾನೆ. ಪ್ರತಿಯೊಂದೂ ಏಳು ಸಲ ವಾಪಸ್ ಬರುತ್ತೆ. ಕೆಳಗೆ ಮಲಗಿರೋ ಮಹಮ್ಮದ್ ಆದಿಲ್ ಶಾಹನೇ ಎದ್ದು ಬಂದು ಮಾತಾಡಿದ್ರೂ ಕೇಳಿಸಲ್ಲ. ಎಲ್ಲರಿಗೂ ಕೂಗೋದೇ ಕೆಲಸ. ಕಿವಿ ಇಡೋರು ಯಾರು?”

ಮಾಸ್ತರು ತಲೆದೂಗಿದರು. ಗುಮ್ಮಟಕ್ಕೆ ಎಷ್ಟು ಬ್ಯಾಚಿನ ಹುಡುಗರನ್ನು ಕರೆದೊಯ್ದು ಎಷ್ಟು ಕೋಳಿ ಕೂಗು ಕೇಳಿದ್ದರೋ.

“ನಾನು ಕೂಗಲ್ಲ,” ಅಂದರು ವೈನಿ. ದನಿ ಸಣ್ಣದಾಗಿತ್ತು. “ಮಗಳು ಹುಬ್ಬಳ್ಳಿಯಲ್ಲಿ ಇದನ್ನೇ ನೋಡ್ತಾಳೆ. ಸೀಸನ್ ನಡೆದಾಗ ದಿನಾ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡ್ತಿದ್ದಳು. ‘ಅವ್ವಾ, ಅವನು ಹಂಗೆ ಅಂದಿದ್ದು ತಪ್ಪಲ್ವಾ?’ ಅಂತ. ಅರ್ಧ ತಾಸು ಮಾತು. ಶೋ ಮುಗೀತು, ಫೋನೂ ಕಡಿಮೆ ಆಯ್ತು. ಅವಳಿಗೂ ಕೆಲಸ ಇರುತ್ತೆ. ಇವತ್ತು ಮಾಡೇ ಮಾಡ್ತಾಳೆ.”

ಇದಕ್ಕೆ ಮಲ್ಲಣ್ಣನ ಹತ್ತಿರ ಪಿಟೀಲಿನ ಮಾತು ಇರಲಿಲ್ಲ. ಚಹಾ ಕುಡಿದ. ಕಪ್ಪು ಖಾಲಿ ಇತ್ತು, ಆದರೂ ಕುಡಿದ.

ಮಾಸ್ತರೇ ಕೊನೆಗೆ ದಾರಿ ತೆಗೆದರು. “ಹಂಗೆ ನೋಡಿದ್ರೆ ನಮ್ಮದೂ ಒಂದು ಸೀಸನ್ನೇ. ಎಷ್ಟು ವರ್ಷದಿಂದ ಇದೇ ಅಂಗಡಿ, ಇದೇ ಬೆಂಚು.”

“ಹೌದಲ್ರಿ!” ಮಲ್ಲಣ್ಣನಿಗೆ ಜೀವ ಬಂತು. “ಕಾಣದ ಜಾಗದಿಂದ ದನಿ ಬರುತ್ತೆ, ‘ಹಿಟ್ಟು ಮುಗೀತು’ ಅಂತ. ಅದನ್ನ ಯಾರೂ ಮೀರೋ ಹಾಗಿಲ್ಲ. ಬಿಲ್ ಬಂದ ಕೂಡಲೇ ನಾಮಿನೇಷನ್. ಎಲ್ಲರೂ ಮಾಸ್ತರ ಹೆಸರೇ ಹೇಳ್ತೀವಿ. ಕಾರಣ, ಪೆನ್ಷನ್. ಕಿರಣ ವೈಲ್ಡ್ ಕಾರ್ಡ್.”

“ಮತ್ತೆ ಎಲಿಮಿನೇಟ್ ಆದವರು?” ಕಿರಣನಿಗೆ ಗೊತ್ತಿರಲಿಲ್ಲ, ಕೇಳಿಬಿಟ್ಟ.

ಯಾರೂ ಮಾತಾಡಲಿಲ್ಲ. ಶಂಕ್ರಣ್ಣ ಪುಣೆಗೆ, ಮಗನ ಫ್ಲ್ಯಾಟಿಗೆ ಹೋದಮೇಲೆ ಅವನ ಹೆಸರು ಈ ಬೆಂಚಿನ ಮೇಲೆ ಅಪರೂಪ. ಹೋಗುವ ಮುಂಚೆ ಅವನಿಗೂ ಮಲ್ಲಣ್ಣನಿಗೂ ಮಾತು ಬಿಟ್ಟಿತ್ತು. ಸೊಲ್ಲಾಪುರದ ಗಾಡಿ ತಪ್ಪಿದ್ದು ಯಾರಿಂದ ಅನ್ನುವುದು ಜಗಳ.

“ಹನ್ನೊಂದನೇ ಮಹಡಿಯಂತೆ,” ಅಂದ ಸಿದ್ದಣ್ಣ. “ಕೆಳಗೆ ಕಟ್ಟೆ ಇಲ್ಲ, ಅಂಗಡಿ ಇಲ್ಲ. ಟೀವಿ ಮುಂದೆ ಕೂತಿರ್ತಾನಂತೆ.”

“ಫೋನ್ ಹಚ್ಚು,” ಅಂದ ಮಲ್ಲಣ್ಣ. ಯಾರಿಗೆ ಅಂತ ಕಿರಣ ಕೇಳಲಿಲ್ಲ. ಮಾಸ್ತರಿಂದ ನಂಬರ್ ತಗೊಂಡು ಸ್ಪೀಕರ್ ಹಾಕಿದ. ಬಾಳ ಹೊತ್ತು ರಿಂಗಾಯಿತು.

“ಹಲೋ? ಯಾರು, ಮಲ್ಲ್ಯಾ?” ಹಿಂದೆ ಜೋರಾಗಿ ಪಿಟೀಲು ಕೇಳಿಸುತ್ತಿತ್ತು. “ಲೇ, ಅರ್ಧ ತಾಸು ಬಿಟ್ಟು ಮಾಡೋ. ಇಲ್ಲಿ ಎಲ್ಲರೂ ಎಷ್ಟೋ ದಿನದ ಮೇಲೆ ಕೂಡಿದ್ದಾರೆ, ಈಗ ಅಳೋ ಟೈಮು.”

ಮಾಸ್ತರು ನಕ್ಕರು. ಮಲ್ಲಣ್ಣ ನಗಲಿಲ್ಲ. ಕಟ್ ಮಾಡಲು ಕೈ ಚಾಚಿದ.

“ಮತ್ತೆ ಒಂದು ಮಾತು,” ಅಂದಿತು ಫೋನು. “ಗಾಡಿ ತಪ್ಪಿದ್ದು ನಿನ್ನಿಂದಲೇ.”

“ನನ್ನಿಂದ?” ಮಲ್ಲಣ್ಣ ಎದ್ದು ನಿಂತ. ಬೆಂಚಿನ ಆ ತುದಿಯಲ್ಲಿದ್ದ ಮಾಸ್ತರು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. “ಲೇ ಶಂಕ್ರ್ಯಾ! ಸ್ಟೇಷನ್ನಿನಲ್ಲಿ ಎರಡನೇ ಚಹಾ ಹೇಳಿದ್ದು ಯಾರು?”

“ಮೊದಲನೇದು ಹೇಳಿದ್ದು ಯಾರು? ಅದನ್ನ ಹೇಳು ಮೊದಲು!”

ಆ ಕಡೆ ಟೀವಿ ಬಂದಾಯಿತು. ವೈನಿ ಕೂಡ ತಮ್ಮ ಮೊಬೈಲಿನ ಸೌಂಡು ತೆಗೆದು, ಗಲ್ಲಾ ಬಿಟ್ಟು ಹತ್ತಿರ ಬಂದರು. ಮೊದಲನೇ ಚಹಾಕ್ಕೆ ಸಕ್ಕರೆ ಜಾಸ್ತಿ ಆಗಿತ್ತು, ಅದಕ್ಕೇ ಎರಡನೇದು ಬೇಕಾಯಿತು ಅನ್ನುವಲ್ಲಿಗೆ ಜಗಳ ಬಂದಿತ್ತು.

“ಕಾಕಾ, ಹಿಂದೆ ಪಿಟೀಲು ಹಾಕ್ಲಾ?” ಕಿರಣ ಮೆಲ್ಲಗೆ ಕೇಳಿದ.

“ಹಾಕಿ ನೋಡು, ನಿನ್ನ ಫೋನನ್ನ ಹಿಟ್ಟಿನಲ್ಲಿ ಅದ್ದಿ ಕರೀತೀನಿ,” ಅಂದ ಮಲ್ಲಣ್ಣ, ಅದೇ ಫೋನಿಗೆ ಬಾಯಿ ಹತ್ತಿರ ತಂದು. “ನಿನಗಲ್ಲೋ ಶಂಕ್ರ್ಯಾ, ಈ ಹುಡುಗನಿಗೆ ಅಂದಿದ್ದು. ನೀನು ಹೇಳು. ಗಡಿಯಾರ ಯಾರ ಕೈಯಲ್ಲಿತ್ತು?”