ಫ್ರೀಜರ್ ಪೆಟ್ಟಿಗೆಯಲ್ಲಿರುವ ಅಜ್ಜಿಯ ಮುಖಕ್ಕೆ ಏನು ಹಚ್ಚಬಹುದು?

ಅಜ್ಜಿ ನಿನ್ನೆ ರಾತ್ರಿ ತೀರಿಕೊಂಡರು. ಚಿಕ್ಕಪ್ಪ ದುಬೈನಿಂದ ನಾಳೆ ಬರುತ್ತಾರೆ. ಎಂಬಾಮಿಂಗ್ (ದೇಹ ಕೆಡದಂತೆ ಒಳಗೆ ದ್ರಾವಣ ತುಂಬುವುದು) ಮಾಡಿಸಿಲ್ಲ, ಫ್ರೀಜರ್ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ತುಟಿ ಒಣಗುತ್ತಿದೆ, ಮುಖ ತುಂಬಾ ಬಿಳಿಚಿದೆ. ಮನೆಯಲ್ಲಿರುವ ಫೌಂಡೇಶನ್ ಹಚ್ಚಬಹುದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಎಂಬಾಮಿಂಗ್ ಕೆಲಸದವರು:
ಬಣ್ಣ ಆಮೇಲೆ, ಮೊದಲು ಪಸೆ ನೋಡಿಕೊಳ್ಳಿ. ಜೀವ ಹೋದ ಮೇಲೆ ಚರ್ಮಕ್ಕೆ ಒಳಗಿನಿಂದ ನೀರು ಬರುವುದಿಲ್ಲ, ಇರುವುದೂ ಆರಿಹೋಗುತ್ತದೆ. ತುಟಿ, ಕಣ್ಣಿನ ರೆಪ್ಪೆ, ಮೂಗಿನ ತುದಿ ಮೊದಲು ಒಣಗುತ್ತವೆ. ಒಣಗಿ ಕಂದುಗಟ್ಟಿದ ಜಾಗ ಮತ್ತೆ ಮೊದಲಿನ ಹಾಗಾಗುವುದಿಲ್ಲ. ಅದಕ್ಕೇ ಈಗಲೇ ವ್ಯಾಸಲಿನ್ ತೆಳ್ಳಗೆ ಸವರಿ.

ತಲೆ ಕೆಳಗೆ ದಿಂಬು ಇಟ್ಟಿದ್ದೀರಾ? ಓಡಾಟ ನಿಂತ ರಕ್ತ ತಗ್ಗಿಗೆ ಇಳಿಯುತ್ತದೆ. ತಲೆ ಎದೆಗಿಂತ ಎತ್ತರದಲ್ಲಿದ್ದರೆ ಮುಖ, ಕಿವಿ ನೇರಳೆಗಟ್ಟುವುದು ಕಡಿಮೆ. ಸುಮಾರು 8ರಿಂದ 12 ಗಂಟೆಯಲ್ಲಿ ಆ ಕಲೆ ಗಟ್ಟಿಯಾಗಿ ನಿಂತುಬಿಡುತ್ತದೆ. ಆಮೇಲೆ ಎತ್ತರ ಮಾಡಿದರೂ ಇಳಿಯಲ್ಲ.

ಫೌಂಡೇಶನ್ ಹಚ್ಚಬಹುದು, ಆದರೆ ಅದು ಬೆಚ್ಚಗಿನ ಮೈಗೆ ಅಂತ ಮಾಡಿದ್ದು. ತಣ್ಣಗಿನ ಮುಖದ ಮೇಲೆ ಸರಿಯಾಗಿ ಹರಡದೆ ಮೇಲೆಯೇ ಕೂರುತ್ತದೆ. ನಾವು ಎಣ್ಣೆ, ಮೇಣ ಬೆರೆತ ಬಣ್ಣ ಬಳಸುತ್ತೇವೆ. ನಿಮ್ಮಲ್ಲಿರುವುದು ಕ್ರೀಮ್ ಥರದ್ದಾದರೆ ಗ್ಲೌಸ್ ಹಾಕಿ, ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿಕೊಳ್ಳಿ. ಸ್ಪಂಜಿನಿಂದ ಮೆಲ್ಲಗೆ ಒತ್ತಿ ಒತ್ತಿ ಹಚ್ಚಿ. ಮುಖವನ್ನು ಉಜ್ಜಲೇಬೇಡಿ, ಚರ್ಮ ತರಚಿದರೆ ಅಲ್ಲೇ ಒಣಗಿ ಕಪ್ಪಾಗುತ್ತದೆ. ಕೆನ್ನೆಗೂ ಕಿವಿಯ ಹಾಲೆಗೂ ಚೂರೇ ಚೂರು ಕೆಂಪು ಸಾಕು. ಅಜ್ಜಿ ಅಜ್ಜಿಯ ಹಾಗೇ ಕಾಣಬೇಕು, ಅಲ್ವಾ?

ಇನ್ನೊಬ್ಬರು:
ನಿಮಗೆ ಬೇಕಾಗಲಿಕ್ಕಿಲ್ಲ, ಆದರೆ ಎಂಬಾಮಿಂಗ್ ಮಾಡಿಸುವವರು ನೋಡಿಕೊಳ್ಳಲಿ. ನಮ್ಮ ಮಾವನಿಗೆ ಕಾಮಾಲೆ ಇತ್ತು. ಎಂಬಾಮಿಂಗ್ ದ್ರಾವಣವಾದ ಫಾರ್ಮಾಲಿನ್ ಹಾಕಿದ ಮೇಲೆ ಮುಖ ಹಸಿರಾಯಿತು, ಅತ್ತೆ ನೋಡಿ ಹೆದರಿಬಿಟ್ಟರು. ಕಾಮಾಲೆಯ ಹಳದಿ ಬಿಲಿರುಬಿನ್, ಫಾರ್ಮಾಲಿನ್ ತಾಗಿದರೆ ಹಸಿರು ಬಿಲಿವರ್ಡಿನ್ ಆಗುತ್ತದಂತೆ. ಕಾಮಾಲೆ ಇದ್ದರೆ ಅವರಿಗೆ ಮೊದಲೇ ಹೇಳಿ, ಬೇರೆ ದ್ರಾವಣ ಬಳಸುತ್ತಾರೆ.

ಅಮ್ಮನನ್ನು ಹೀಗೇ ಇಟ್ಟಿದ್ದವರು:
ಪೆಟ್ಟಿಗೆ ತೆರೆದ ಸ್ವಲ್ಪ ಹೊತ್ತಿಗೇ ಹಣೆ ಮೇಲೆಲ್ಲ ಸಣ್ಣ ಸಣ್ಣ ಹನಿ ಕೂರುತ್ತದೆ. ಹೊರಗಿನ ಗಾಳಿಯ ತೇವ ಅದು. ನಮ್ಮ ಚಿಕ್ಕಮ್ಮ ಅದರ ಮೇಲೇ ಅರಿಶಿನ ಹಚ್ಚಿದರು, ತೇಪೆ ತೇಪೆಯಾಗಿ ಹಿಡಿಯಿತು. ಮೆತ್ತನೆ ಹತ್ತಿಬಟ್ಟೆ ಒತ್ತಿ ಹನಿ ತೆಗೆದು, ಆಮೇಲೆ ಬಣ್ಣ ಹಚ್ಚಿ. ಅರಿಶಿನ ಕುಂಕುಮ ಕೊನೆಗೆ. ಟ್ಯೂಬ್‌ಲೈಟ್ ಕೆಳಗೆ ಮುಖ ಇನ್ನೂ ಬಿಳಿಚಿ ಕಾಣುತ್ತದೆ. ಹಳದಿ ಬಲ್ಬ್ ಹಾಕಿಕೊಂಡು ಹಚ್ಚಿ, ಚಿಕ್ಕಪ್ಪ ನೋಡುವಾಗಲೂ ಅದೇ ಇರಲಿ. ಎಷ್ಟೋ ಸಲ ಫೌಂಡೇಶನ್ ಬೇಕೇ ಆಗುವುದಿಲ್ಲ.