‘ಟ್ಯೂಮರ್ ಮಾರ್ಕರ್’: ಗುರುತೇ, ಸೂಚಕವೇ, ಸುಳಿವೇ?

ಎಲ್ಲರಿಗೂ ನಮಸ್ಕಾರ. ‘ಟ್ಯೂಮರ್ ಮಾರ್ಕರ್’ ಅನ್ನುವುದಕ್ಕೆ ಮನೆಮಂದಿಗೆ ಅರ್ಥವಾಗುವ ಒಂದು ಕನ್ನಡ ಪದ ಹುಡುಕುತ್ತಿದ್ದೇನೆ. ಅದರ ಜೊತೆಗೆ ಎರಡು ಮೂರು ಕ್ರಿಯಾಪದಗಳೂ ಬೇಕು.

ನಮ್ಮ ಚಿಕ್ಕಮ್ಮನಿಗೆ ಅಂಡಾಶಯದ ಕ್ಯಾನ್ಸರ್. ಮೂರು ವಾರಕ್ಕೊಂದು ಕೀಮೋ, ಒಟ್ಟು ಆರು. ಪ್ರತಿ ಸಲವೂ ಮೊದಲು ರಕ್ತ ತೆಗೆದು ಸಿಎ-125 ಎಷ್ಟಿದೆ ನೋಡುತ್ತಾರೆ. ಈ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ರಕ್ತದಲ್ಲಿ ಏರುವ ಒಂದು ಪ್ರೋಟೀನು ಅದು; ಅದನ್ನೇ ಟ್ಯೂಮರ್ ಮಾರ್ಕರ್ ಅನ್ನುವುದು. ಆ ರಿಪೋರ್ಟನ್ನು ಮನೆಯವರಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಚಿಕ್ಕಮ್ಮನ ಕಿವಿಗೆ ‘ಮಾರ್ಕರ್’ ಅನ್ನುವುದು ‘ಮಾರ್ಕ್ಸ್’ ಅಂತ ಬಿದ್ದಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಕೀಮೋ ತಾರೀಖಿನ ಚೌಕದೊಳಗೆ, ಪೆನ್ಸಿಲಿನಲ್ಲಿ ಬರೆದಿಡುತ್ತಾರೆ: 1240, 1310, 610, 180. ಎರಡನೇ ಸಲ 1310 ಬಂದ ದಿನ ತಟ್ಟೆ ಮುಂದೆ ಕೂತು ಅನ್ನ ಮುಟ್ಟಲಿಲ್ಲ. “ಫೇಲಾದೆ ಅಲ್ವಾ?” ಅಂದರು. ಶುರುವಿನಲ್ಲಿ ಸ್ವಲ್ಪ ಏರಿ ಆಮೇಲೆ ಇಳಿಯುವುದೂ ಉಂಟು, ಒಂದೇ ಅಂಕಿ ಹಿಡಿದು ಕೂರಬೇಡಿ ಅಂತ ಡಾಕ್ಟರ್ ಹೇಳಿದ ಮೇಲೆಯೇ ಸಮಾಧಾನ. ಅವತ್ತಿನಿಂದ ಸರಿಯಾದ ಪದ ಬೇಕು ಅನ್ನಿಸುತ್ತಿದೆ.

ಇನ್ನೊಂದು ಗೊಂದಲ ಹೆಸರಿನಲ್ಲೇ ಇದೆ. 125 ಅಂದರೆ ಪಾಸ್ ಮಾರ್ಕು ಅಂತ ನಮ್ಮ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಹಾಗಲ್ಲ. 1981ರಲ್ಲಿ ರಾಬರ್ಟ್ ಬಾಸ್ಟ್ ಮತ್ತು ಜೊತೆಯವರು ಇದನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯವನ್ನು (ಆ್ಯಂಟಿಬಾಡಿ) ಕಂಡುಕೊಂಡರು. ಅವರು ಪರೀಕ್ಷಿಸಿದವುಗಳಲ್ಲಿ ಅದು 125ನೆಯದು, ಅಷ್ಟೇ. ಸಾಮಾನ್ಯ ಅನ್ನುವ ಮಿತಿ ಮಿಲಿಲೀಟರಿಗೆ 35 ಯೂನಿಟ್.

ಈಗ ಪದಕ್ಕೆ ಬರುತ್ತೇನೆ. ‘ಗೆಡ್ಡೆಯ ಗುರುತು’ ಅಂದರೆ ಗೆಡ್ಡೆ ಇದ್ದೇ ಇದೆ ಅನ್ನುವ ಹಾಗೆ ಕೇಳುತ್ತದೆ. ಆದರೆ ಹೊಟ್ಟೆಯ ಟಿಬಿ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ತೊಂದರೆ), ಲಿವರ್ ತೊಂದರೆ, ಹೊಟ್ಟೆಯ ಆಪರೇಷನ್, ಕೊನೆಗೆ ಮುಟ್ಟಿನ ದಿನಗಳಲ್ಲೂ ಸಿಎ-125 ಏರಬಹುದು. ಮೊದಲ ಹಂತದ ಅಂಡಾಶಯ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಹೆಂಗಸರಲ್ಲಿ ಏರುವುದೇ ಇಲ್ಲ. ‘ಸೂಚಕ’ ಪುಸ್ತಕಕ್ಕೆ ಸರಿ. ಮನೆಯಲ್ಲಿ ಅದನ್ನು ‘ಸೂಚನೆ’ ಅಂತ ಕೇಳಿಸಿಕೊಂಡು, ಡಾಕ್ಟರ್ ಏನೋ ಸೂಚನೆ ಕೊಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ‘ಕುರುಹು’ ಅಂದರೆ ಏನೋ ಆಗಿಹೋಗಿ ಉಳಿದದ್ದು ಅನ್ನಿಸುತ್ತದೆ. ನನಗೆ ಹಿಡಿಸಿದ್ದು ‘ಸುಳಿವು’. ಸುಳಿವು ಸಿಕ್ಕಿತು ಅಂದ ಮಾತ್ರಕ್ಕೆ ಕಳ್ಳ ಸಿಕ್ಕ ಹಾಗಲ್ಲವಲ್ಲ. ಎಲ್ಲಿ ಹುಡುಕಬೇಕು ಅನ್ನುವುದು ಗೊತ್ತಾಯಿತು, ಅಷ್ಟೇ. ಉಳಿದದ್ದನ್ನು ಸ್ಕ್ಯಾನ್ ನೋಡಿ, ರೋಗಿಯನ್ನು ನೋಡಿ ಡಾಕ್ಟರ್ ಹೇಳಬೇಕು.

ಕ್ರಿಯಾಪದದ ಕಷ್ಟ ಇನ್ನೂ ಜಾಸ್ತಿ. ಐದನೇ ಕೀಮೋಗೆ ಮುಂಚೆ 52 ಬಂತು, ಆರನೆಯದಕ್ಕೆ ಮುಂಚೆ 28. “ನಾರ್ಮಲ್ ಬಂತು” ಅಂದೆ. ಸಂಜೆಯೊಳಗೆ ಊರಿನಿಂದ ಫೋನು: “ವಾಸಿ ಆಯ್ತಂತೆ, ಇನ್ನೊಂದು ಕೀಮೋ ಯಾಕೆ?” ಎದೆ ಧಸಕ್ಕೆಂದಿತು. ಕಣ್ಣಿಗೆ ಕಾಣದಷ್ಟು ಕ್ಯಾನ್ಸರ್ ಉಳಿದಿದ್ದರೂ ಅಂಕಿ 35ರ ಕೆಳಗೆ ಇರಬಹುದು. ಆಗ ನೆನಪಾಗಿದ್ದು ನಮ್ಮ ಜ್ವರದ ಮಾತು. ಜ್ವರ ‘ಇಳಿಯುವುದು’ ಬೇರೆ, ಜ್ವರ ‘ಬಿಡುವುದು’ ಬೇರೆ. “ಇಳಿದಿದೆ, ಬಿಟ್ಟಿದೆ ಅಂತ ಇನ್ನೂ ಹೇಳೋ ಹಾಗಿಲ್ಲ” ಅಂದೆ. ಮರುಮಾತಿಲ್ಲದೆ ಅರ್ಥವಾಯಿತು.

‘ರೆಸ್ಪಾನ್ಸ್’ಗೆ ಪತ್ರಿಕೆಗಳು ‘ಸ್ಪಂದನೆ’ ಅನ್ನುತ್ತವೆ. ಏರಿದ್ದ ಅಂಕಿ ಅರ್ಧಕ್ಕಿಂತ ಕೆಳಗಿಳಿದು 28 ದಿನವಾದರೂ ಹಾಗೇ ನಿಂತರೆ ಅದನ್ನು ಒಂದು ಬಗೆಯ ರೆಸ್ಪಾನ್ಸ್ ಅಂತ ಎಣಿಸುತ್ತಾರೆ. ‘ಚಿಕಿತ್ಸೆಗೆ ಸ್ಪಂದಿಸದೆ’ ಅನ್ನುವುದನ್ನು ಸಾವಿನ ಸುದ್ದಿಗಳಲ್ಲೇ ಓದಿ ಓದಿ ಆ ಪದ ಕೇಳಿದರೇ ಭಯ. ‘ಮದ್ದು ನಾಟಿದೆ’ ಅಂದರೆ ಸಾಲದೇ?

ಕಡೆಯದು, ನನ್ನಿಂದಲೇ ಆದ ತಪ್ಪು. ಅಂಕಿ ಒಂದೊಂದು ಸಲ ಅಲ್ಲಾಡುತ್ತದೆ, ಬೇರೆ ಲ್ಯಾಬಿನ ಕಿಟ್ಟಿನಲ್ಲಿ ಬೇರೆಯೇ ಬರುತ್ತದೆ, ಅದಕ್ಕೇ ಒಂದೇ ಲ್ಯಾಬಿನಲ್ಲಿ ಮಾಡಿಸಬೇಕು ಅಂತ ಹೇಳಲು ಹೊರಟು, “ಸ್ವಲ್ಪ ಹೆಚ್ಚುಕಡಿಮೆ ಆಗುತ್ತೆ ಚಿಕ್ಕಮ್ಮ” ಅಂದುಬಿಟ್ಟೆ. ಅವರ ಮುಖ ಬಿಳಿಚಿಕೊಂಡಿತು. ‘ಏನಾದ್ರೂ ಹೆಚ್ಚುಕಡಿಮೆ ಆದರೆ’ ಅಂದರೆ ನಮ್ಮಲ್ಲಿ ಏನರ್ಥ ಅಂತ ನಿಮಗೆ ಗೊತ್ತು. ಈಗ ‘ನಾಲ್ಕಾರು ಆಚೆ ಈಚೆ’ ಅನ್ನುತ್ತಿದ್ದೇನೆ. 14 ಇದ್ದದ್ದು 19 ಆದರೆ ಅದು ‘ಆಚೆ ಈಚೆ’. ಮಿತಿಯ ಎರಡರಷ್ಟು ದಾಟಿ, ವಾರ ಬಿಟ್ಟು ಇನ್ನೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ಮಾತ್ರ ‘ಏರಿದೆ’. ಈ ಎರಡಕ್ಕೂ ಒಂದೇ ಪದ ಬಳಸಬಾರದು ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಕಡೆ ಇವಕ್ಕೆಲ್ಲ ಏನನ್ನುತ್ತಾರೆ? ಉತ್ತರ ಕರ್ನಾಟಕದವರು, ಕರಾವಳಿಯವರು, ಆಸ್ಪತ್ರೆಗಳಲ್ಲಿ ನರ್ಸ್ ಆಗಿರುವವರು ದಯವಿಟ್ಟು ಹೇಳಿ. ‘ಸುಳಿವು’ ಅಂದರೆ ನಿಮ್ಮ ಮನೆಯ ಅಜ್ಜಿಗೆ ಏನು ಅನ್ನಿಸುತ್ತದೆ ಅಂತ ಒಮ್ಮೆ ಕೇಳಿ ನೋಡಿ. ಮುಂದಿನ ರಿಪೋರ್ಟು ಹದಿನೈದು ದಿನಕ್ಕೆ ಬರುತ್ತದೆ. ಅಷ್ಟರೊಳಗೆ ಗೊತ್ತಾದರೆ ಉಪಕಾರವಾಗುತ್ತದೆ.