ಡಿಸೆಂಬರ್‌ನಲ್ಲಿ ಐಸಿಯು ತುಂಬ ಮಾವಿನಹಣ್ಣಿನ ವಾಸನೆ: ಡಾಕ್ಟರೇ ವೇಪ್ ಸೇದಿದರೆ ಯಾರಿಗೆ ಹೇಳೋದು?

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ):
ಮೇಡಂ, ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಎರಡು ವರ್ಷ ಆಯ್ತು, ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದೀನಿ. ನಮ್ಮ ನೈಟ್ ಡ್ಯೂಟಿ ಡಾಕ್ಟರ್ ಒಬ್ಬರು ರಾತ್ರಿ ಎರಡರ ಮೇಲೆ ಸ್ಟೋರ್ ರೂಮಿಗೆ ಹೋಗಿ ವೇಪ್, ಅಂದ್ರೆ ಮಾವಿನ ಫ್ಲೇವರಿನ ಇ-ಸಿಗರೇಟ್, ಸೇದ್ತಾರೆ. ಸ್ಪೇರ್ ಆಕ್ಸಿಜನ್ ಸಿಲಿಂಡರ್ ಇಡೋದೂ ಅದೇ ರೂಮಲ್ಲಿ. ಚಾರ್ಜ್‌ಗೆ ಹಾಕೋದು ನಾಲ್ಕನೇ ಬೆಡ್ ತಲೆಹತ್ತಿರದ ಪ್ಲಗ್‌ಗೆ. ಮೊನ್ನೆ ಆ ಬೆಡ್ಡಿನ ಅಜ್ಜನ ಮಗಳು, "ಸಿಸ್ಟರ್, ಯಾರಾದ್ರೂ ಮಾವಿನಹಣ್ಣು ತಿಂತಿದಾರಾ?" ಅಂತ ಕೇಳಿದ್ರು. ರೂಮ್ ಫ್ರೆಶ್ನರ್ ಅಂದ್ಬಿಟ್ಟೆ. ಆ ಸುಳ್ಳು ಇನ್ನೂ ಕೊರೀತಿದೆ. ಡಾಕ್ಟರ್ ಒಳ್ಳೆಯವರು, ಕರೆದ ತಕ್ಷಣ ಬರ್ತಾರೆ, ನಮ್ಮ ಮೇಲೆ ಕೂಗಾಡಲ್ಲ. ಕಂಪ್ಲೇಂಟ್ ಕೊಟ್ರೆ ಅವರ ಕೆಲಸ ಹೋಗುತ್ತೆ, ಇಲ್ಲಾಂದ್ರೆ ನಂದು. ಏನ್ಮಾಡ್ಲಿ?

ಉತ್ತರ (ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್):
ಕಂಪ್ಲೇಂಟ್ ಮಾತು ಆಮೇಲೆ ಆಡೋಣ. ಮೊದಲು ಆ ಪ್ಲಗ್. ಇವತ್ತು ರಾತ್ರಿಯೇ ಅದು ಖಾಲಿ ಆಗಬೇಕು.

ಅಜ್ಜ ಬೈಪ್ಯಾಪ್ (ಮಾಸ್ಕ್ ಮೂಲಕ ಉಸಿರಾಟಕ್ಕೆ ನೆರವಾಗೋ ಯಂತ್ರ) ಮೇಲಿದ್ದರೆ ಮಾಸ್ಕಿನ ಪಕ್ಕದಿಂದ ಆಕ್ಸಿಜನ್ ಸೋರುತ್ತಲೇ ಇರುತ್ತೆ. ಗಾಳಿಯಲ್ಲಿ ಆಕ್ಸಿಜನ್ ಇರೋದು ಸುಮಾರು 21 ಪರ್ಸೆಂಟ್. ಹಾಸಿಗೆಯ ಮಡಿಕೆಯಲ್ಲಿ, ದಿಂಬಿನ ಸಂದಿಯಲ್ಲಿ ಅದು ಏರಿದರೆ ಸಣ್ಣ ಕಿಡಿಯೂ ಸಾಕು, ಬಟ್ಟೆ ಭಗ್ ಅನ್ನುತ್ತೆ. ಆಕ್ಸಿಜನ್ ತಾನಾಗಿ ಉರಿಯೋದಿಲ್ಲ, ಉರಿಯೋದನ್ನು ಉರಿಸುತ್ತೆ. ವೇಪ್ ಒಳಗೆ ಇರೋದು ಕಾಯುವ ಕಾಯಿಲ್, ಅದರ ಕೆಳಗೆ ಲಿಥಿಯಂ ಬ್ಯಾಟರಿ. ಕಳಪೆ ಚಾರ್ಜರಿಗೆ ಹಾಕಿ ಮರೆತರೆ ಆ ಬ್ಯಾಟರಿ ಕಾದು ಸಿಡಿಯಬಹುದು. ಸ್ಟೋರ್ ರೂಮಿಗೂ ಇದೇ ಮಾತು. ಬೀಡಿ ಸೇದ್ತಾ ಆ ಬಾಗಿಲು ದಾಟೋಕೆ ವಾರ್ಡ್ ಬಾಯ್‌ನ ಬಿಡ್ತೀರಾ?

ಡಾಕ್ಟರಿಗೆ ನೀವೇ ಹೇಳಿ. ಮೂರು ಗಂಟೆಗೆ ಅವರು ನೋಟ್ಸ್ ಬರೆಯುತ್ತಾ ಕೂತಾಗ, ಪಕ್ಕದಲ್ಲಿ ಯಾರೂ ಇಲ್ಲದಾಗ: "ಸರ್, ನಾಲ್ಕನೇ ಬೆಡ್ ಹತ್ರ ಆಕ್ಸಿಜನ್ ನಡೀತಿದೆ, ಇದನ್ನ ಅಲ್ಲಿ ಹಾಕಬೇಡಿ. ಪೇಷೆಂಟ್ ಕಡೆಯವರು ವಾಸನೆ ಕೇಳ್ತಿದಾರೆ." ಇಷ್ಟೇ. ಕೈ ಮುಗಿಯೋದೂ ಬೇಡ, ಉಪದೇಶವೂ ಬೇಡ. ನಾನು ಎಳೆಯವಳಿದ್ದಾಗ ಒಬ್ಬ ಸರ್ಜನ್ನಿಗೆ ಸಿಗರೇಟಿನ ಬಗ್ಗೆ ಹೀಗೇ ಹೇಳಿದ್ದೆ. ಆಮೇಲೆ ಒಂದು ವಾರ ನನ್ನ ಮುಖ ನೋಡಲಿಲ್ಲ. ಆದರೆ ಡ್ರೆಸ್ಸಿಂಗ್ ರೂಮಲ್ಲಿ ಮತ್ತೆ ಸೇದಲಿಲ್ಲ.

ಮತ್ತೂ ಮುಂದುವರಿದರೆ ಇನ್‌ಚಾರ್ಜ್ ಸಿಸ್ಟರ್‌ಗೆ ಬರವಣಿಗೆಯಲ್ಲಿ ಕೊಡಿ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟದ) ಮಾನ್ಯತೆ ಇರುವ ಆಸ್ಪತ್ರೆಯಾದರೆ ಇನ್ಸಿಡೆಂಟ್ ಫಾರಂ ಇರುತ್ತೆ, ಅದರಲ್ಲೇ ಬರೆಯಿರಿ. ತಾರೀಖು, ಗಂಟೆ, ಜಾಗ, ಕಣ್ಣಾರೆ ಕಂಡದ್ದು ಸಾಕು. "ಚಟಗಾರ" ಅನ್ನೋ ಪದ ನಿಮ್ಮ ಪೆನ್ನಿಂದ ಬರಬಾರದು. ವಿಡಿಯೊ ತೆಗೆಯಬೇಡಿ, ಅದರಲ್ಲಿ ಅಜ್ಜ ಮಲಗಿರೋದೂ ಬರುತ್ತೆ. ಸ್ಟಾಫ್ ವಾಟ್ಸಾಪ್ ಗ್ರೂಪಿಗಂತೂ ಹಾಕಲೇಬೇಡಿ.

ಇನ್ನು ಆ ಸುಳ್ಳು. "ವಾಸನೆ ನನಗೂ ಬಂತಮ್ಮ, ಎಲ್ಲಿಂದ ಅಂತ ನೋಡ್ತೀನಿ" ಅಂದಿದ್ದರೆ ಡಾಕ್ಟರ ಮಾನವೂ ಉಳೀತಿತ್ತು, ನಿಮ್ಮ ನಿದ್ದೆಯೂ ಉಳೀತಿತ್ತು.

ಹುಬ್ಬಳ್ಳಿಯ ಸದಸ್ಯರೊಬ್ಬರು:
ಅಲ್ರೀ ಮೇಡಂ, ಅದು ಬರೇ ಉಗಿ ಅಲ್ಲೇನ್ರಿ? ಸಿಗರೇಟಿಗಿಂತ ಭಾಳ ಛಲೋ ಅಂತಾರ. ಇಷ್ಟಕ್ಕ ಡಾಕ್ಟರ್ ಮ್ಯಾಲ ಬರದು ಕೊಡಬೇಕೇನ್ರಿ?

ಉತ್ತರ:
ಬರೇ ಉಗಿ ಅಲ್ರೀ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಫ್ಲೇವರ್, ಬಹಳಷ್ಟರಲ್ಲಿ ನಿಕೋಟಿನ್, ಎಲ್ಲಾ ಸೇರಿದ ಹನಿಗಳು. ಸಿಗರೇಟಿಗಿಂತ ವಿಷ ಕಡಿಮೆ ಇರಬಹುದು, ವಾದಕ್ಕೆ ಬರಲ್ಲ. ಆದರೆ ಉಸಿರಿಗೆ ಒದ್ದಾಡೋ ಪೇಷೆಂಟ್ ಪಕ್ಕ ಅದಕ್ಕೇನು ಕೆಲಸ? ಇನ್ನೊಂದು, ನಮ್ಮ ರಾಜ್ಯ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು, 2019ರಲ್ಲಿ ಇಡೀ ದೇಶಕ್ಕೆ ಕಾಯ್ದೆ ಬಂತು. ಮಾರಿದರೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ದಾಸ್ತಾನಿಗೂ ಶಿಕ್ಷೆ ಇದೆ. ಸೇದೋದು ಅಂತ ಆ ಕಾಯ್ದೆಯಲ್ಲಿ ಬೇರೆ ಅಪರಾಧ ಬರೆದಿಲ್ಲ, ನಿಜ. ಆದರೂ ಕದ್ದು ಬಂದ ಮಾಲನ್ನೇ ತಾನೇ ಡಾಕ್ಟರು ಕೋಟಿನ ಜೇಬಲ್ಲಿ ಇಟ್ಟುಕೊಂಡು ರೌಂಡ್ಸ್ ಮಾಡ್ತಿರೋದು?

ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಕನ್ನಡದ ನರ್ಸ್:
ಇಲ್ಲಿ ಕಥೆ ಉಲ್ಟಾ ಅಕ್ಕ. 2019ರಲ್ಲಿ ನಮ್ಮ ಕಡೆಯ ಎರಡು ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಗಳ ಒಳಗೇ ವೇಪ್ ಅಂಗಡಿ ತೆರೆದ್ರು, ಜನ ಸಿಗರೇಟ್ ಬಿಡಲಿ ಅಂತ. ಆದರೆ ಸೇದೋದು ಕಟ್ಟಡದ ಹೊರಗೆ. ಆಕ್ಸಿಜನ್ ಹತ್ರ ಚಾರ್ಜ್‌ಗೆ ಹಾಕಿದ್ರೆ ಇಲ್ಲೂ ಸುಮ್ನೆ ಬಿಡಲ್ಲ.

ಪ್ರಶ್ನೆ ಕೇಳಿದವರು:
ಮೇಡಂ, ನಿನ್ನೆ ಹೇಳಿದೆ. ಕಾಲು ನಡುಗ್ತಿತ್ತು. ಅವರು ಏನೂ ಮಾತಾಡದೆ ಚಾರ್ಜರ್ ಕಿತ್ತುಕೊಂಡ್ರು. ಬೆಳಿಗ್ಗೆ ಹ್ಯಾಂಡೋವರ್ ಆದ ಮೇಲೆ, "ಬಿಡಬೇಕು ಅಂತಾನೇ ಇದೀನಿ ಸಿಸ್ಟರ್, ಎರಡು ಗಂಟೆ ಬಿಟ್ರೆ ಕೈ ನಡುಗುತ್ತೆ" ಅಂದ್ರು. ಡಾಕ್ಟರಿಗೆ ನಾನೇನು ಹೇಳ್ಲಿ? ನಿಕೋಟಿನ್ ಗಮ್ ಚೀಟಿ ಇಲ್ಲದೆ ಸಿಗುತ್ತಾ?

ಉತ್ತರ:
ಶಹಬ್ಬಾಸ್. 2 ಎಂಜಿ ಗಮ್ ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೆ ಸಿಗುತ್ತೆ, 4 ಎಂಜಿಗೆ ಚೀಟಿ ಬೇಕು. ಚೂಯಿಂಗ್ ಗಮ್ ಥರ ಸತತ ಅಗಿದರೆ ಬಿಕ್ಕಳಿಕೆ, ಎದೆಯುರಿ. ಖಾರ ಹತ್ತುವವರೆಗೆ ಅಗಿದು ಕೆನ್ನೆ ಸಂದಿಯಲ್ಲಿ ಇಟ್ಕೋಬೇಕು, ಖಾರ ಇಳಿದ ಮೇಲೆ ಮತ್ತೆ ಅಗೀಬೇಕು. ಕಾಫಿ ಕುಡಿದು 15 ನಿಮಿಷ ಬಾಯಿಗೆ ಹಾಕಬಾರದು, ನೈಟ್ ಡ್ಯೂಟಿಯವರು ಎಡವೋದೇ ಇಲ್ಲಿ. ತಂಬಾಕು ಬಿಡೋಕೆ ನೆರವಾಗೋ ಕ್ವಿಟ್‌ಲೈನ್ 1800-11-2356, ಕರೆಗೆ ದುಡ್ಡು ಕೊಡಬೇಕಿಲ್ಲ. ನಮ್ಮ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ. ಡಾಕ್ಟರ್ ಅಂತ ನಾಚಿಕೆ ಪಡಬೇಕಿಲ್ಲ ಅಂತ ಹೇಳಿ.

ಆದರೆ ಚಾರ್ಜರ್ ಕಿತ್ತದ್ದಷ್ಟೇ ಬರೆದಿದೀರಿ, ಸ್ಟೋರ್ ರೂಮ್ ಬಗ್ಗೆ ಅವರು ಏನೂ ಹೇಳಿಲ್ಲ. ಪಾಪ ಬಿಡೋಕೆ ನೋಡ್ತಿದಾರೆ ಅಂತ ಕಣ್ಮುಚ್ಚಬೇಡಿ. ಇನ್ನೊಂದು ಸಲ ಆ ಸಿಲಿಂಡರ್ ಪಕ್ಕ ವಾಸನೆ ಬಂದರೆ ಅವತ್ತು ಬೆಳಿಗ್ಗೆಯೇ ಫಾರಂ ತುಂಬಿ ಇನ್‌ಚಾರ್ಜ್ ಕೈಗೆ ಕೊಟ್ಟು ಮನೆಗೆ ಹೋಗಿ.